ನಾಲ್ಕು ದಿನಕ್ಕೆಂದು ಹೋದವರು

ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಧಿ ಸಿಗುತ್ತದೆ. ಇನ್ನಷ್ಟು ದಿನ ಇರಬೇಕೆಂದರೆ ಅದು ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು. ವೀಸಾಕ್ಕೆ ಹತ್ತು ವರ್ಷವಿದ್ದರೂ ಲೆಕ್ಕಕ್ಕೆ ಬರುವುದು ಐ-94ರ ತಾರೀಖು.

ನಮ್ಮ ಘಾಟಬೋರಾಳದವರಿಗೆ ಒಂದು ಕಾಲದಲ್ಲಿ ಪರದೇಶ ಇಷ್ಟು ದೂರವಿರಲಿಲ್ಲ. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದರೂ ಬೀದರ ಜಿಲ್ಲೆ ನಿಜಾಮರ ಹೈದರಾಬಾದಿನಲ್ಲೇ ಉಳಿಯಿತು, ಸೊಲ್ಲಾಪುರ ಭಾರತದಲ್ಲಿತ್ತು. ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿದ ಹೆಂಗಸರು ನಂಟರ ಮನೆಗೆ ನಾಲ್ಕು ದಿನಕ್ಕೆಂದೇ ಹೋದದ್ದು. 1948ರ ಮೇ ತಿಂಗಳಲ್ಲಿ ಗೋರಟಾದ ಕಗ್ಗೊಲೆಯ ಸುದ್ದಿ ಬಂದ ಮೇಲೆ ತಿರುಗಿ ಬರುವ ಮಾತೆಲ್ಲಿ? ಅರ್ಜಿ ಕೇಳುವವರಿರಲಿಲ್ಲ, ಪರರ ಒಲೆಯ ಮುಂದಿನ ಸಂಕೋಚವಿತ್ತು. ನಮ್ಮ ಅಜ್ಜಿ ಅಲ್ಲಿ ಜೋಳ ಬೀಸಿಕೊಟ್ಟೇ ಉಣ್ಣುತ್ತಿದ್ದಳಂತೆ. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ದೀಪಾವಳಿಗೆ ಅಜ್ಜಿ ಮನೆಗೆ ಬಂದಾಗ ಬೀಸುಕಲ್ಲು ಮಾತ್ರ ಇದ್ದಲ್ಲೇ ಇತ್ತು.