ಹಾಸಿಗೆ ಇದ್ದಷ್ಟು ಕಾಲು: ಮೈಸೂರಿನ ಜಾವಾ ಮತ್ತು ನೀಳಕಾಯದ ಸವಾರ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಣಕಾಸಿನ ವಿವೇಕಕ್ಕೆ ಅನ್ವಯಿಸುತ್ತೇವೆ. ಹಳೆಯ ಮೋಟಾರ್‌ಸೈಕಲ್ ಏರಿದ ಆರಡಿ ಎತ್ತರದ ಸವಾರನಿಗೆ ಅದು ಅಕ್ಷರಶಃ ಅನ್ವಯಿಸುತ್ತದೆ. ಪ್ರತಿ ಯಂತ್ರವೂ ಒಂದು ಅಳತೆಯ ದೇಹವನ್ನು ಕಲ್ಪಿಸಿಕೊಂಡೇ ರೂಪುಗೊಂಡಿರುತ್ತದೆ. ಆ ಅಳತೆಯನ್ನು ಮೀರಿದವನು ಮೊಣಕಾಲು ಮಡಚಿ, ಬೆನ್ನು ಬಾಗಿಸಿ ದಂಡ ತೆರಬೇಕು. ಕನ್ನಡನಾಡಿನಲ್ಲಿಯೇ ತಯಾರಾದ ಜಾವಾದ ಚರಿತ್ರೆಯನ್ನು ಈ ಮೊಣಕಾಲಿನ ಕಡೆಯಿಂದ ನೋಡಿದರೆ, ಹಳೆಯ ವಸ್ತುವನ್ನು ಬಳಸುತ್ತಲೇ ಉಳಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು ಕಟ್ಟಿದ ಉದ್ಯಮವೇ ಜಾವಾ. ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಅದರ ಹೆಸರಾಯಿತು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಅಲ್ಲಿಯ ವಾಹನಗಳು ಯೆಜ್ದಿ ಎಂಬ ಹೆಸರು ಧರಿಸಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

ಮೈಸೂರಿನಲ್ಲಿ ಜೋಡಣೆಗೊಂಡ 250 ಸಿ.ಸಿ. ಜಾವಾದ ಮೂಲ ಮಾದರಿ 1954ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಹೊರಬಂದದ್ದು. ಎರಡೂ ಗಾಲಿಗಳು 16 ಇಂಚಿನವು. ಆದ್ದರಿಂದ ಇಡೀ ವಾಹನ ನೆಲಕ್ಕೆ ಹತ್ತಿರ. ಇದೇ ಅವಧಿಯಲ್ಲಿ ಮದರಾಸಿನಿಂದ ಬರುತ್ತಿದ್ದ ಬುಲೆಟ್ಟಿಗೆ 19 ಇಂಚಿನ ಗಾಲಿಗಳಿದ್ದವು. ಎತ್ತರದವರು ಅದರತ್ತ ಒಲಿದದ್ದು ಸಹಜವೇ. ಜಾವಾ ಯಾವ ದೇಹವನ್ನು ಕಲ್ಪಿಸಿಕೊಂಡಿತ್ತು ಎಂಬುದಕ್ಕೆ ಅದರ ಪೆಟ್ರೋಲ್ ಟ್ಯಾಂಕೇ ಸಾಕ್ಷಿ. ಟ್ಯಾಂಕಿನ ಎರಡೂ ಮಗ್ಗುಲಲ್ಲಿ ಮೊಣಕಾಲು ಆನಿಸಲು ರಬ್ಬರಿನ ಮೆತ್ತೆಗಳಿವೆ. ಮಧ್ಯಮ ಎತ್ತರದ ಸವಾರನ ಮೊಣಕಾಲು ಅಲ್ಲಿಗೆ ತಾನಾಗಿ ಬಂದು ಕೂರುತ್ತದೆ; ನೀಳಕಾಲಿನವನ ಮೊಣಕಾಲು ಮೆತ್ತೆಯನ್ನು ದಾಟಿ ಮೇಲಕ್ಕೇರುತ್ತದೆ.

ಸವಾರನ ಭಂಗಿಯನ್ನು ನಿರ್ಧರಿಸುವುದು ಮೂರು ಬಿಂದುಗಳು: ಆಸನ, ಪಾದ, ಹಿಡಿ. ಇವುಗಳಲ್ಲಿ ಪಾದವನ್ನು ಕೆಳಕ್ಕೋ ಹಿಂದಕ್ಕೋ ಸರಿಸಿದರೆ ಕಾಲು ಹಗುರಾಗುತ್ತದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಜಾವಾದಲ್ಲಿ ಇದಕ್ಕೆ ಅಡ್ಡಿಯಾಗುವುದು ಅದರ ಅತಿ ಪ್ರಸಿದ್ಧ ಜಾಣ್ಮೆಯೇ. ಎಡಬದಿಯ ಒಂದೇ ಸನ್ನೆಕೋಲು ಗೇರನ್ನೂ ಬದಲಿಸುತ್ತದೆ, ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಕೂಡ ಆಗುತ್ತದೆ. ಎರಡು ಕೆಲಸಕ್ಕೆ ಒಂದೇ ಕೋಲು ಇರುವುದರಿಂದ ಅದನ್ನು ಸವಾರನ ಇಷ್ಟದಂತೆ ಬಾಗಿಸುವುದಾಗಲಿ ಸ್ಥಳಾಂತರಿಸುವುದಾಗಲಿ ಸುಲಭವಲ್ಲ. ಪಾದದ ಸ್ಥಾನ ಬದಲಾದರೆ ಗೇರು ಬೆರಳಿಗೆ ಎಟುಕದು; ಕೆಳಗಿಳಿಸಿದರೆ ತಿರುವಿನಲ್ಲಿ ಪಾದಪೀಠ ನೆಲಕ್ಕೆ ತಾಗುವ ಭಯ.

ಈ ಸಮಸ್ಯೆಯನ್ನು ಕಾರ್ಖಾನೆಯಲ್ಲಿಯೇ ಬಿಡಿಸಲು ಯತ್ನಿಸಿದವರು ಇಲ್ಲದಿಲ್ಲ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ ತನ್ನ ರ‍್ಯಾಪಿಡ್ ಮಾದರಿಯಲ್ಲಿ ಪಾದಪೀಠ, ಗೇರ್ ಮತ್ತು ಬ್ರೇಕ್ ಪೆಡಲ್‌ಗಳನ್ನು ಸವಾರನ ಮೈಗೆ ತಕ್ಕಂತೆ ಹೊಂದಿಸಿಕೊಳ್ಳಲು ಅವಕಾಶ ಮಾಡಿತ್ತು. ಅದು ಕೆಲವರ ಕೈಗಷ್ಟೇ ಎಟುಕುವ ದುಬಾರಿ ವಾಹನ. ಸಾವಿರಾರು ಸಾಮಾನ್ಯರನ್ನು ಹೊರಬೇಕಿದ್ದ ಜಾವಾಕ್ಕೆ ಒಂದೇ ಅಳತೆ ಅನಿವಾರ್ಯವಾಗಿತ್ತು. ಮೈಸೂರಿನಲ್ಲಿಯೂ ಆ ಅಳತೆ ಸ್ಥಿರವಾಗಿ ಉಳಿಯಲಿಲ್ಲ: 1978ರಲ್ಲಿ ಬಂದ ಯೆಜ್ದಿ ರೋಡ್‌ಕಿಂಗ್ 18 ಇಂಚಿನ ಗಾಲಿಗಳ ಮೇಲೆ ನಿಂತಿತು.

ಹೊರನಾಡಿನ ನಮಗೆ ಈ ಮಾತು ದೂರದ್ದಲ್ಲ. ಸಟಾಣಾದಿಂದ ದೇವಳಾ ಮಾರ್ಗವಾಗಿ ನಾಸಿಕಕ್ಕೆ ಸುಮಾರು 90 ಕಿಲೋಮೀಟರ್. ಊರೊಳಗಿನ ಹತ್ತು ನಿಮಿಷದ ಸವಾರಿಯಲ್ಲಿ ಗಮನಕ್ಕೇ ಬಾರದ ಬಿಗಿ, ಬಾಗಲಾಣದ ಈ ಹಾದಿಯಲ್ಲಿ ನೋವಾಗಿ ಬೆಳೆಯುತ್ತದೆ. ಹಾಗಾದರೆ ಎಲ್ಲಿಂದ ತೊಡಗಬೇಕು? ಮೊದಲು ಯಂತ್ರ ತನ್ನ ಮೂಲ ಎತ್ತರದಲ್ಲಿದೆಯೇ ಎಂದು ನೋಡಬೇಕು. ಐವತ್ತು ವರ್ಷಗಳಲ್ಲಿ ಆಸನದ ಫೋಮ್ ಕುಸಿದಿರುತ್ತದೆ, ಹಿಂಬದಿಯ ಸ್ಪ್ರಿಂಗ್‌ಗಳು ಸೋತಿರುತ್ತವೆ. ಸವಾರನಿಗೆ ಕಡಿಮೆಯೆನಿಸುವ ಎತ್ತರದಲ್ಲಿ ಒಂದು ಪಾಲು ಕಾರ್ಖಾನೆಯದಲ್ಲ, ಕಾಲದ್ದು. ಅದನ್ನು ಸರಿಪಡಿಸಿದ ಮೇಲೆಯೂ ಸಾಲದಿದ್ದರೆ, ಹಳೆಯ ಆಸನವನ್ನು ಜೋಪಾನವಾಗಿ ಎತ್ತಿಟ್ಟು, ಅದೇ ಅಚ್ಚಿನ ಇನ್ನೊಂದು ತಗಡಿನ ತಳದ ಮೇಲೆ ಒಂದೆರಡು ಇಂಚು ದಪ್ಪನಾದ, ತುಸು ಹಿಂದಕ್ಕೆ ಕೂರಿಸುವ ಮೆತ್ತೆಯನ್ನು ಹೊಲಿಸಬಹುದು. ಮೊಣಕಾಲು ಬಿಚ್ಚಿಕೊಳ್ಳುತ್ತದೆ, ರಬ್ಬರ್ ಮೆತ್ತೆಯ ಹತ್ತಿರಕ್ಕೆ ಮರಳುತ್ತದೆ. ಆಸನ ಏರಿದಷ್ಟೂ ಹಿಡಿ ತಗ್ಗಿದಂತಾಗುವುದರಿಂದ ಎತ್ತರದ ಹ್ಯಾಂಡಲ್ ಬೇಕಾಗಬಹುದು. ಆಗ ಉದ್ದದ ಕೇಬಲ್‌ಗಳೂ ಬೇಕು. ಇಲ್ಲವಾದರೆ ಹ್ಯಾಂಡಲ್ ಪೂರ್ತಿ ತಿರುಗಿದಾಗ ಕೇಬಲ್ ಜಗ್ಗಿ, ಎಂಜಿನ್ ತಾನಾಗಿ ವೇಗ ಪಡೆಯುವ ಅಪಾಯವಿದೆ.

ಈ ಯಾವ ಕೆಲಸಕ್ಕೂ ಗರಗಸವಾಗಲಿ ವೆಲ್ಡಿಂಗ್ ಆಗಲಿ ಬೇಕಿಲ್ಲ ಎಂಬುದು ಮುಖ್ಯ. ಚೌಕಟ್ಟನ್ನು ಕತ್ತರಿಸಿ ಉದ್ದ ಮಾಡುವ ಆಮಿಷ ದೊಡ್ಡದು. ಅದರ ಬೆಲೆಯೂ ದೊಡ್ಡದು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದೆ. ಚಾಸಿ, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಆ ಮನ್ನಣೆಯಿಲ್ಲ. ಹಾಗೆ ನೋಂದಾಯಿಸಿದ ವಾಹನ ನಿತ್ಯದ ಓಡಾಟಕ್ಕಲ್ಲ. ಆದ್ದರಿಂದ ಅದು ಬೇಕೋ ಬೇಡವೋ ಎಂಬುದು ಒಡೆಯನ ಆಯ್ಕೆ. ಆದರೆ ಚೌಕಟ್ಟು ಕತ್ತರಿಸಿದವನು ತನ್ನ ನಂತರದ ಒಡೆಯನ ಆಯ್ಕೆಯನ್ನೂ ಕತ್ತರಿಸಿರುತ್ತಾನೆ.

ಯಾದವಗಿರಿಯಿಂದ ಇನ್ನೊಂದು ಚೌಕಟ್ಟು ಬರುವುದಿಲ್ಲ. ಉಳಿದಿರುವ ಪ್ರತಿಯೊಂದೂ ಮೈಸೂರಿನ ಕಾರ್ಮಿಕರ ಕೈಬರಹದ ದಾಖಲೆ. ಹಾಗೆಂದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ರಬ್ಬರ್ ಒಣಗುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಓಡಿಸುವವರಿದ್ದರೆ ಮಾತ್ರ ಯಂತ್ರ ಯಂತ್ರವಾಗಿ ಉಳಿಯುತ್ತದೆ. ಓಡಿಸಬೇಕಾದರೆ ಮೈಗೆ ಒಗ್ಗಬೇಕು. ಕಾಲು ಮೊಟಕಾಗದು, ಹಾಸಿಗೆಯನ್ನು ಹರಿಯಲೂ ಬಾರದು. ಹಾಸಿಗೆಯ ತುದಿಗೆ ಇನ್ನೊಂದು ಬಟ್ಟೆ ಸೇರಿಸಿ ಹೊಲಿಯಬಹುದು. ಬೇಕಾದಾಗ ಬಿಚ್ಚಲು ಬರುವ ಹೊಲಿಗೆಯಾದರೆ ಸಾಕು.