ಜಾವಾ ಸಮುದ್ರದಲ್ಲಿ ಕಾಣೆಯಾದ ಯುದ್ಧನೌಕೆಗಳು

ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಯುದ್ಧನೌಕೆಗಳು ಕೇವಲ ಲೋಹದ ರಾಶಿಗಳಲ್ಲ; ಜಲಸಮಾಧಿಯಾದ ನಾವಿಕರ ಗೋರಿಗಳೂ ಹೌದು. ಅವುಗಳ ಸ್ಥಿತಿಗತಿ ಹೊರಜಗತ್ತಿಗೆ ತಿಳಿಯುವುದು ಬಹುಮಟ್ಟಿಗೆ ಸಮುದ್ರದಾಳಕ್ಕೆ ಇಳಿಯುವ ಮುಳುಗು ತಜ್ಞರಿಂದ. ಇಂಡೊನೇಷ್ಯಾದ ಜಾವಾ ಸಮುದ್ರದ ಪ್ರಕರಣ ಇದಕ್ಕೆ ನಿದರ್ಶನ.

ಕದನ ಮತ್ತು ಶೋಧ

1942ರ ಫೆಬ್ರುವರಿ 27ರಂದು ಡಚ್ ರಿಯರ್ ಅಡ್ಮಿರಲ್ ಕಾರೆಲ್ ಡೋರ್ಮನ್ ನೇತೃತ್ವದ ಮಿತ್ರರಾಷ್ಟ್ರಗಳ ನೌಕಾದಳವು ಇಲ್ಲಿ ಜಪಾನೀಯರ ಎದುರು ಸೋಲುಂಡಿತು. 'ಡಿ ರೂಯ್ಟರ್' ಹಾಗೂ 'ಜಾವಾ' ಕ್ರೂಸರ್‌ಗಳು ಮತ್ತು 'ಕೊರ್ಟೆನಾರ್' ಎಂಬ ವಿಧ್ವಂಸಕ ನೌಕೆ ಮುಳುಗಿದವು. ಡೋರ್ಮನ್ ಸೇರಿದಂತೆ ಸುಮಾರು 900 ಡಚ್ಚರು ಈ ಕದನದಲ್ಲಿ ಮಡಿದರು. ಆರು ದಶಕಗಳ ಬಳಿಕ, 2002ರಲ್ಲಿ, ಹವ್ಯಾಸಿ ಮುಳುಗು ತಜ್ಞರು ಎರಡೂ ಕ್ರೂಸರ್‌ಗಳನ್ನು ಸುಮಾರು 70 ಮೀಟರ್ ಆಳದಲ್ಲಿ ಪತ್ತೆಹಚ್ಚಿದರು.

ಆಳದ ಅಪಾಯ

ಹವ್ಯಾಸಿ ಡೈವಿಂಗ್‌ನ ಸಾಮಾನ್ಯ ಮಿತಿ 40 ಮೀಟರ್. 70 ಮೀಟರ್ ಆಳದಲ್ಲಿ ದೇಹದ ಮೇಲಿನ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಸುಮಾರು ಎಂಟು ಪಟ್ಟು. ಅಲ್ಲಿ ಸಾಮಾನ್ಯ ಗಾಳಿಯನ್ನು ಉಸಿರಾಡಿದರೆ ಅದರಲ್ಲಿನ ಸಾರಜನಕ ಮದ್ಯದಂತೆ ಮತ್ತೇರಿಸುತ್ತದೆ. ಆಮ್ಲಜನಕವೇ ವಿಷವಾಗಿ ಸೆಳವು ತರಬಹುದು. ಆದ್ದರಿಂದ ಇವೆರಡರ ಪ್ರಮಾಣವನ್ನು ತಗ್ಗಿಸಿ ಹೀಲಿಯಂ ಬೆರೆಸಿದ 'ಟ್ರೈಮಿಕ್ಸ್' ಅನಿಲವನ್ನು ಬಳಸಲಾಗುತ್ತದೆ. ತಳದಲ್ಲಿ ಅರ್ಧ ಗಂಟೆಯಷ್ಟು ಕಾಲ ಇದ್ದರೂ, ಹಂತಹಂತವಾಗಿ ನಿಂತು ಮೇಲೇರಲು ಒಂದು ಗಂಟೆಗೂ ಹೆಚ್ಚು ಸಮಯ ಬೇಕು. ಆತುರಪಟ್ಟರೆ ರಕ್ತ ಮತ್ತು ಅಂಗಾಂಶಗಳಲ್ಲಿ ಅನಿಲದ ಗುಳ್ಳೆಗಳುಂಟಾಗಿ ಪಾರ್ಶ್ವವಾಯು, ಸಾವು ಕೂಡ ಸಂಭವಿಸಬಹುದು.

ಬರಿದಾದ ತಳ

ಕದನದ 75ನೇ ವರ್ಷಾಚರಣೆಯ ಸಿದ್ಧತೆಗಾಗಿ 2016ರಲ್ಲಿ ಮುಳುಗು ತಜ್ಞರ ತಂಡವು ಮತ್ತೆ ಅಲ್ಲಿಗೆ ತೆರಳಿದಾಗ ಎರಡೂ ಕ್ರೂಸರ್‌ಗಳು ನಾಪತ್ತೆಯಾಗಿದ್ದವು. 'ಕೊರ್ಟೆನಾರ್'ನ ದೊಡ್ಡ ಭಾಗವೂ ಇರಲಿಲ್ಲ. ನೌಕೆಗಳು ಒರಗಿದ್ದ ಕಡೆ ಅವುಗಳ ಅಚ್ಚಿನಂತಹ ಗುಳಿಗಳಷ್ಟೇ ಉಳಿದಿದ್ದವು. ಬ್ರಿಟನ್ನಿನ 'ಎಕ್ಸೆಟರ್' ನೌಕೆಗೂ ಬಹುತೇಕ ಇದೇ ಗತಿಯಾಗಿತ್ತು. ಕ್ರೇನ್ ಹೊತ್ತ ದೋಣಿಗಳು ಉಕ್ಕು, ತಾಮ್ರ ಮತ್ತು ಕಂಚಿನ ಆಸೆಗೆ ಅವಶೇಷಗಳನ್ನು ಕಿತ್ತೊಯ್ಯುವುದು ಈ ಭಾಗದ ಸಮುದ್ರಗಳಲ್ಲಿ ಹಳೆಯ ಪಿಡುಗು. ಲೋಹದೊಂದಿಗೆ ನಾವಿಕರ ಅಸ್ಥಿಗಳಿಗೂ ನೆಲೆ ತಪ್ಪುತ್ತದೆ.

ಕಾನೂನಿನ ಕೊರತೆ

ಮುಳುಗಿದ ಯುದ್ಧನೌಕೆಯ ಒಡೆತನ ಆಯಾ ದೇಶದ್ದೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ತತ್ತ್ವ. ಆದರೆ ಪರದೇಶದ ಕಡಲಿನಲ್ಲಿ ಕಾವಲು ಕಾಯುವುದು ಅದಕ್ಕೆ ಸುಲಭವಲ್ಲ. ಜಲಾಂತರ್ಗತ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ ಒಪ್ಪಂದವು ಕನಿಷ್ಠ 100 ವರ್ಷ ನೀರಿನಡಿ ಇದ್ದ ಅವಶೇಷಗಳಿಗೆ ಮಾತ್ರ ಅನ್ವಯಿಸುತ್ತದೆ. 1942ರಲ್ಲಿ ಮುಳುಗಿದ ನೌಕೆಗಳು ಆ ಅವಧಿ ಪೂರೈಸುವುದು 2042ರಲ್ಲಿ. ಸುಂದಾ ಜಲಸಂಧಿಯ ಬಳಿ ಮುಳುಗಿ, ಬಹುಭಾಗ ಲೂಟಿಯಾಗಿದ್ದ ಆಸ್ಟ್ರೇಲಿಯಾದ 'ಪರ್ತ್' ನೌಕೆಯಿರುವ ಪ್ರದೇಶವನ್ನು ಇಂಡೊನೇಷ್ಯಾ 2018ರಲ್ಲಿ ಸಂರಕ್ಷಿತ ವಲಯವೆಂದು ಘೋಷಿಸಿತು. 'ಡಿ ರೂಯ್ಟರ್' ಮತ್ತು 'ಜಾವಾ' ನೌಕೆಗಳ ವಿಷಯದಲ್ಲಿ ರಕ್ಷಿಸಲು ಉಳಿದಿರುವುದು ಗುಳಿಗಳು ಮಾತ್ರ.