ಬೂದಿಯಲ್ಲಿ ಉಳಿದ ಹೆಜ್ಜೆಗಳು

ಹವಾಯಿಯ ಕಿಲವೆಯಾ ಜ್ವಾಲಾಮುಖಿ ನೋಡಲು ಬರುವವರು ಸಾಮಾನ್ಯವಾಗಿ ಅದರ ಬಾಯಿಯ ಅಂಚಿನಲ್ಲಿ ನಿಂತು, ಕೆಂಡವನ್ನೋ ಹೊಗೆಯನ್ನೋ ಕಂಡು ಮರಳುತ್ತಾರೆ. ನೈಋತ್ಯಕ್ಕೆ ಹಬ್ಬಿರುವ ಕಾಊ ಮರುಭೂಮಿಯ ಕಾಲುದಾರಿ ಹಿಡಿಯುವವರು ಕಡಿಮೆ. ಹೆಸರು ಮರುಭೂಮಿಯಾದರೂ ಅಲ್ಲಿ ಮಳೆ ಬೀಳುತ್ತದೆ. ಆದರೆ ಗಾಳಿ ಹೊತ್ತು ತರುವ ಗಂಧಕದ ಅನಿಲ ಆ ಮಳೆಯನ್ನು ಆಮ್ಲವಾಗಿಸುವುದರಿಂದ ಗಿಡಗಳು ಏಳುವುದು ಕಷ್ಟ. ಹೆದ್ದಾರಿಯಿಂದ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ನಡೆದರೆ, ಗಟ್ಟಿಯಾದ ಬೂದಿಯ ಮೇಲೆ ಬರಿಗಾಲಿನ ಗುರುತುಗಳು ಸಿಗುತ್ತವೆ.

1790ರಲ್ಲಿ ಕಮೇಹಮೇಹನ ಎದುರಾಳಿ ಕಿಯೋವಾನ ಸೈನ್ಯ ಮೂರು ತಂಡಗಳಾಗಿ ಹೀಲೋ ಕಡೆಯಿಂದ ಕಾಊ ಸೀಮೆಗೆ ಮರಳುತ್ತಿತ್ತು. ಆಗ ಕಿಲವೆಯಾ ಸ್ಫೋಟಿಸಿತು. ಒಂದು ತಂಡ, ಜೊತೆಗಿದ್ದ ಹೆಂಗಸರು ಮಕ್ಕಳ ಸಮೇತ, ದಾರಿಯಲ್ಲೇ ಸತ್ತಿತು. ಜ್ವಾಲಾಮುಖಿಯ ದೇವತೆ ಪೆಲೆ ಕಮೇಹಮೇಹನ ಪಕ್ಷ ವಹಿಸಿದಳೆಂಬ ಮಾತು ಹಬ್ಬಿತು. ಮರುವರ್ಷ ಕಿಯೋವಾನ ಕೊಲೆಯಾಯಿತು. ಕಮೇಹಮೇಹ ಮುಂದೆ ಎಲ್ಲ ದ್ವೀಪಗಳಿಗೂ ದೊರೆಯಾದ.

1919ರಲ್ಲಿ ಭೂವಿಜ್ಞಾನಿ ರೂಯ್ ಫಿಂಚ್ ಈ ಹೆಜ್ಜೆಗಳನ್ನು ಗುರುತಿಸಿದಾಗ, ಅವು ಕಿಯೋವಾನ ಯೋಧರವೇ ಎಂದು ಜನ ನಂಬಿದರು. ಕಥೆ ಮೊದಲೇ ಸಿದ್ಧವಿತ್ತು, ಹೆಜ್ಜೆಗಳು ಅದಕ್ಕೆ ಸಾಕ್ಷಿಯಾದವು. ಆಮೇಲೆ ಪುರಾತತ್ವಜ್ಞರು ಅವನ್ನು ಅಳೆದು ನೋಡಿದರು. ಹಲವು ಪಾದಗಳು ಚಿಕ್ಕವು: ಹೆಂಗಸರವು, ಮಕ್ಕಳವು. ಸುತ್ತಲಿನ ಬಯಲಿನಲ್ಲಿ ಹಳೆಯ ಕಾಲುದಾರಿಗಳು, ತಂಗಿದ ಜಾಗಗಳ ಕುರುಹುಗಳೂ ಸಿಕ್ಕವು. ಯುದ್ಧವಿಲ್ಲದ ದಿನಗಳಲ್ಲೂ ಜನ ಇಲ್ಲಿ ಓಡಾಡುತ್ತಿದ್ದರು.

ದೊರೆಗಳ ಹೆಸರು ಚರಿತ್ರೆಯಲ್ಲಿದೆ. ಬೂದಿಯಲ್ಲಿ ನಡೆದವರ ಹೆಸರು ಎಲ್ಲಿಯೂ ಇಲ್ಲ, ಅವರ ಪಾದದ ಅಳತೆಯಷ್ಟೇ ಉಳಿದಿದೆ. ಗಾಳಿಗೆ ಮರಳು ಸರಿದಂತೆ ಕೆಲವು ಹೆಜ್ಜೆಗಳು ಮುಚ್ಚಿಹೋಗುತ್ತವೆ, ಇನ್ನು ಕೆಲವು ಹೊರಗೆ ಕಾಣಿಸಿಕೊಳ್ಳುತ್ತವೆ.